ಬರಿಯ ಬಿಳಿ ರಟ್ಟು

"ಕಾಫಿ ಆಮೇಲೆ," ಎಂದರು ಅರ್ವೊ, ಬೂಟು ಕಳಚುತ್ತಲೇ. "ಮೊದಲು ಆ ಹಡಗಿನ ಪುಸ್ತಕ ತೆಗಿ. ಮಂಜುಗಡ್ಡೇಲಿ ಹಡಗು ಸಿಕ್ಕಿಹಾಕ್ಕೊಂಡಿರುತ್ತಲ್ಲ, ಅದು."

ಲೋರ್ನಾ ಕೆಟಲ್ ಹಿಡಿದುಕೊಂಡೇ ನಿಂತಳು. ಮಾವ ಮೂರು ಭಾನುವಾರಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಫೋನು ಮಾಡಿದರೆ ಮೊಣಕಾಲು ನೋವು ಎನ್ನುತ್ತಿದ್ದರು. ಇವತ್ತು ಮೊಣಕಾಲು ನೆಟ್ಟಗೇ ಇತ್ತು. ಅವಳು ಎಂದೋ ಒಮ್ಮೆ ಬಲವಂತ ಮಾಡಿ ಆ ಪುಸ್ತಕ ತೋರಿಸಿದ್ದು ಬಿಟ್ಟರೆ, ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವರು ಅವಳ ಕಾಮಿಕ್ಸ್ ಮಾತೆತ್ತಿದವರೇ ಅಲ್ಲ.

"ಬ್ರೆಡ್ ಈಗಷ್ಟೇ ಆಯ್ತು ಮಾವ. ಏಲಕ್ಕಿ ಜಾಸ್ತಿ ಹಾಕಿದೀನಿ."

"ಏಲಕ್ಕಿ ಎಲ್ಲೂ ಓಡಿಹೋಗಲ್ಲ."

ಅವರು ಆಗಲೇ ಕಿಟಕಿಯ ಕೆಳಗಿದ್ದ ಪೆಟ್ಟಿಗೆಯತ್ತ ನಡೆದಿದ್ದರು. ಹೋದ ಕ್ರಿಸ್‌ಮಸ್‌ಗೆ ಅವರೇ ಮಾಡಿಕೊಟ್ಟದ್ದು. ಥಂಡರ್ ಬೇ ಊರಿನ ಸುತ್ತಮುತ್ತ ಐವತ್ತು ವರ್ಷ ಜನರಿಗೆ ಸೌನಾ, ಅಂದರೆ ಮರದ ಹಬೆಸ್ನಾನದ ಕೋಣೆ, ಕಟ್ಟಿಕೊಟ್ಟವರು ಅರ್ವೊ. ಕಾವು, ಹಬೆ, ನೀರು ಏನೇ ಬಂದರೂ ಕೆಡದ ಮರವೆಂದರೆ ದೇವದಾರು ಒಂದೇ ಎಂದು ನಂಬಿದವರು. ತಮ್ಮ ಸೌನಾದ ಬೆಂಚಿಗೆಂದು ಎತ್ತಿಟ್ಟಿದ್ದ ದೇವದಾರು ಹಲಗೆಗಳನ್ನೇ ಈ ಪೆಟ್ಟಿಗೆಗೆ ಕುಯ್ದಿದ್ದರು. ಸೊಸೆ ಕೆಲಸಕ್ಕೆ ಹೋಗಿದ್ದಾಗ ಕಳ್ಳನ ಹಾಗೆ ಬಂದು ಅವಳ ಕಾಮಿಕ್ಸ್ ಡಬ್ಬಗಳ ಅಳತೆ ತೆಗೆದುಕೊಂಡು ಹೋಗಿದ್ದರು. ಆರು ಡಬ್ಬ ಒಳಗೆ ಇಳಿಸಿದರೆ ನಡುವೆ ಬೆರಳು ತೂರುತ್ತಿರಲಿಲ್ಲ, ಅಷ್ಟು ಬಿಗಿ.

ಮೊದಲ ಸಲ ಮುಚ್ಚಳ ತೆರೆದಾಗ ಮನೆಯೆಲ್ಲ ಘಮ್ಮೆಂದಿತ್ತು. ತೊಂದರೆ ಇದ್ದದ್ದು ಆ ಘಮದಲ್ಲೇ. ದೇವದಾರಿನ ಆವಿ ಹುಳುವನ್ನು ಓಡಿಸುತ್ತದೆ, ಉಣ್ಣೆಯನ್ನು ಕಾಯುತ್ತದೆ, ಆದರೆ ಕಾಮಿಕ್ಸಿನ ಅಗ್ಗದ ಕಾಗದವನ್ನು ವರ್ಷಗಟ್ಟಲೆ ಕೂತು ಕಂದು ಮಾಡುತ್ತದೆ. ಲೋರ್ನಾಗೆ ಇದು ಗೊತ್ತಿತ್ತು. ಹನ್ನೊಂದನೇ ವಯಸ್ಸಿನಿಂದ ಕೂಡಿಸಿದ ಒಂಬೈನೂರು ಪುಸ್ತಕಗಳನ್ನು ಒಂದೊಂದಾಗಿ, ಬೆನ್ನಿಗೆ ಆಮ್ಲವಿಲ್ಲದ ರಟ್ಟು ಕೊಟ್ಟು, ಪಾರದರ್ಶಕ ಲಕೋಟೆಯಲ್ಲಿ ನಿಲ್ಲಿಸಿಟ್ಟವಳು ಅವಳು. "ತುಂಬ ಚೆನ್ನಾಗಿದೆ ಮಾವ," ಎಂದಿದ್ದಳು. ಅರ್ವೊ ಕಿಟಕಿಯಾಚೆ ನೋಡುತ್ತ ಮೂಗು ಒರೆಸಿಕೊಂಡಿದ್ದರು.

"ನಿಮ್ಮಪ್ಪ ಅಲ್ವಾ, ನೀನೇ ಹೇಳು," ಎಂದು ಅವಳು ಗಂಡ ಮಾರ್ಟಿಗೆ ಹೇಳಿದ್ದಳು.

"ಮಾಡಿಕೊಟ್ಟಿದ್ದು ನಿನಗೆ. ನೀನೇ ಹೇಳು."

ಇಬ್ಬರೂ ಹೇಳಲಿಲ್ಲ. ಅವಳು ಪುಸ್ತಕಗಳನ್ನೆಲ್ಲ ಹೊಸ ಡಬ್ಬಗಳಿಗೆ ಹಾಕಿ ಮಲಗುವ ಕೋಣೆಯ ಕಪಾಟಿಗೆ ಸಾಗಿಸಿದಳು. ಮಾವ ಬಂದಾಗಲೆಲ್ಲ ಪೆಟ್ಟಿಗೆಯ ಮೇಲೇ ಕೂರುತ್ತಿದ್ದರು, ಟೊಕ್ ಟೊಕ್ ಎಂದು ಬಡಿಯುತ್ತಿದ್ದರು. ಅದು ಟೊಳ್ಳು ಎಂದು ತಿಳಿಯಬಾರದಲ್ಲ. ಹಳೆಯ ಡಬ್ಬಗಳ ತುಂಬ ಬರಿಯ ಬಿಳಿ ರಟ್ಟುಗಳನ್ನು ಲಕೋಟೆಗೆ ಹಾಕಿ ನಿಲ್ಲಿಸಿದಳು.

ಈಗ ಅವರು ಮುಚ್ಚಳ ಎತ್ತಿದರು.

"ಮಾವ, ನಾನು ತೆಗೀತೀನಿ ಬಿಡಿ. ನಿಮ್ಮ ಸೊಂಟ."

"ನನ್ನ ಸೊಂಟಕ್ಕೇನಾಗಿದೆ."

ಒಂದು ಲಕೋಟೆ ಎಳೆದರು. ಬಿಳಿ. ತಿರುಗಿಸಿದರು. ಆ ಕಡೆಯೂ ಬಿಳಿ. ಎರಡನೆಯದು, ಮೂರನೆಯದು. ಬೇರೆ ಡಬ್ಬದಿಂದ ಇನ್ನೊಂದು. ಲೋರ್ನಾ ಕೆಟಲನ್ನು ಎಲ್ಲಿಡುವುದೆಂದು ತಿಳಿಯದೆ ಮತ್ತೆ ಒಲೆಯ ಮೇಲೇ ಇಟ್ಟಳು. ಹೇಳಬೇಕಾದ ಮಾತು ಐದು ತಿಂಗಳಿಂದ ಬಾಯಲ್ಲೇ ಇತ್ತು.

"ಪುಸ್ತಕ ಎಲ್ಲಿ?" ಅರ್ವೊ ತಿರುಗಿ ನೋಡದೆ ಕೇಳಿದರು.

"ಕೋಣೆಯ ಕಪಾಟಲ್ಲಿ."

"ಯಾವಾಗಿಂದ?"

"ನೀವು ಕೊಟ್ಟ ಮಾರನೇ ದಿನದಿಂದ." ಅವಳ ದನಿ ಇಳಿಯಿತು. "ತಪ್ಪು ತಿಳೀಬೇಡಿ ಮಾವ. ಈ ಮರ ಕಾಗದಕ್ಕೆ..."

"ಒಂದು ದಿನಾನೂ ಇದರಲ್ಲಿ ಇರಲಿಲ್ಲ?"

"ಒಂದು ರಾತ್ರಿ ಇತ್ತು."

ಅರ್ವೊ ನಿಧಾನಕ್ಕೆ ನೆಲದ ಮೇಲೇ ಕೂತುಬಿಟ್ಟರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡು ಲೋರ್ನಾ ಹತ್ತಿರ ಹೋದಳು. ನಗುತ್ತಿದ್ದರು.

"ಚರ್ಚಿನ ಹಳೇ ದಾಖಲೆ ನೋಡ್ಕೊಳ್ತಾಳಲ್ಲ, ಹಿಲ್ಯಾ," ಎಂದರು, ಉಸಿರು ತಿರುಗಿದ ಮೇಲೆ. "ಜಂಬ ಕೊಚ್ಚಿಕೊಳ್ಳೋಕೆ ಹೋದೆ. ಸೊಸೆಗೆ ಇಂಥದ್ದು ಮಾಡಿಕೊಟ್ಟಿದೀನಿ, ಚರ್ಚಿನ ಪುಸ್ತಕಕ್ಕೂ ಒಂದು ಮಾಡಿಕೊಡ್ತೀನಿ ಅಂದೆ. ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ದೇವದಾರಲ್ಲಿ ಕಾಗದ ಇಡ್ತಾರೇನೋ ಪೆದ್ದ, ಅಂದಳು."

"ಯಾವಾಗ?"

"ಮೂರು ವಾರ ಆಯ್ತು. ಆವತ್ತಿಂದ ಊಟ ಸೇರಿಲ್ಲ. ಒಂಬೈನೂರು ಪುಸ್ತಕ. ನನ್ನ ಕೈಯಾರೆ ಹಾಳು ಮಾಡಿದೆ ಅಂತ. ಇವತ್ತು ಅಂಚು ಎಷ್ಟು ಕಂದಾಗಿದೆ ನೋಡಿ, ಆಮೇಲೆ ಬಾಯಿ ಬಿಡೋಣ ಅಂತ ಬಂದೆ."

"ಅದಕ್ಕೇ ಮೊಣಕಾಲು ನೋವು."

"ಅದಕ್ಕೇ." ಕೈಯಲ್ಲಿದ್ದ ಬಿಳಿ ರಟ್ಟನ್ನು ಬೆಳಕಿಗೆ ಹಿಡಿದರು. "ಇದನ್ನೆಲ್ಲ ಲಕೋಟೆಗೆ ಹಾಕಿ ನಿಲ್ಲಿಸೋಕೆ ಎಷ್ಟು ಹೊತ್ತಾಯ್ತು?"

"ಎರಡು ಸಂಜೆ."

"ಪೆಟ್ಟಿಗೆ ಮಾಡೋಕೆ ನನಗೆ ಎರಡು ತಿಂಗಳು. ನೀನೇ ಜಾಣೆ."

ಕಾಫಿ ಕುಡಿದರು. ಅರ್ವೊ ಬ್ರೆಡ್ಡಿನ ಮೂರು ತುಂಡು ತಿಂದು ನಾಲ್ಕನೆಯದಕ್ಕೆ ಕೈ ಹಾಕಿದರು. ಆಮೇಲೆ ಇಬ್ಬರೂ ಕಪಾಟಿನ ಕೆಳಗೆ ಮುದುರಿ ಬಿದ್ದಿದ್ದ ಉಣ್ಣೆಯ ಕೋಟುಗಳನ್ನು, ಮಾರ್ಟಿಯ ದಪ್ಪ ಸ್ವೆಟರುಗಳನ್ನು ತಂದು ಪೆಟ್ಟಿಗೆಗೆ ತುಂಬಿದರು. ಚಳಿಗಾಲದವರೆಗೆ ಬೇಕಾಗದ್ದು. ಮುಚ್ಚಳ ಸರಿಯಾಗಿ ಕೂತಿತು.

"ಈಗ ಹಡಗು ತೋರಿಸು," ಎಂದರು.

ಲೋರ್ನಾ ಕೋಣೆಯಿಂದ ಪುಸ್ತಕ ತಂದು ಲಕೋಟೆಯ ಅಂಟುಪಟ್ಟಿ ಬಿಡಿಸಿದಳು. ಅದು ಮುಖಪುಟಕ್ಕೆ ತಾಗದಂತೆ ಪೂರ್ತಿ ಕಿತ್ತು ತನ್ನ ತೋಳಿಗೆ ಅಂಟಿಸಿಕೊಂಡು, ಪುಸ್ತಕವನ್ನು ಹೊರಗೆ ಜಾರಿಸಿದಳು. ಅರ್ವೊ ಆ ಕೆಲಸವನ್ನು ಕಣ್ಣು ಕೀಲಿಸಿ ನೋಡಿದರು. ಹೋಗಿ ಸೋಪು ಹಾಕಿ ಕೈ ತೊಳೆದು ಬಂದರು. ಬೆರಳು ಮೂಸಿ ನೋಡಿಕೊಂಡರು. ಮತ್ತೆ ಹೋಗಿ ತೊಳೆದು ಬಂದರು, ಮತ್ತೆ ಮೂಸಿದರು.

"ಹೋಗಲ್ಲ ಈ ಮರದ ವಾಸನೆ," ಎಂದು ಪೆಟ್ಟಿಗೆಯ ಮೇಲೆ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡರು. "ನೀನೇ ತಿರುಗಿಸು."

ಲೋರ್ನಾ ಪಕ್ಕದಲ್ಲಿ ಕೂತು ಮೊದಲ ಪುಟ ತೆರೆದಳು. ಮಾವ ಕತ್ತು ಮುಂದೆ ಚಾಚಿ, ತುಟಿ ಅಲುಗಿಸುತ್ತ ಓದತೊಡಗಿದರು. ಒಂದು ಪುಟಕ್ಕೆ ಅವರಿಗೆ ತುಂಬ ಹೊತ್ತು ಹಿಡಿಯುತ್ತಿತ್ತು.

"ಹ್ಞೂಂ," ಎಂದರು ಕೊನೆಗೆ. "ತಿರುಗಿಸು."