ಉಸಿರು ಕಟ್ಟಿ ಈಜಿದವನು

ಆ ಬೀದಿಯಲ್ಲಿ ಯಾರ ಮನೆಗೆ ಕಬ್ಬಿಣದ ಬೀರು ಬಂದರೂ ಅದನ್ನು ಎತ್ತಿ ಒಳಗಿಡಲು ಅಲ್ಲಿನ ವೆಲ್ಡರನಿಗೇ ಕರೆ ಹೋಗುತ್ತಿತ್ತು. ಹದಿನೈದು ವರ್ಷ ವ್ಯಾಯಾಮಶಾಲೆಯಲ್ಲಿ ಭಾರ ಎತ್ತಿ ಪಳಗಿದ ಮೈ. ಎಲ್ಲರ ಬಾಯಲ್ಲೂ ಅವನು ‘ಬಂಡೆ’. ಆದರೆ ಬರಿಗೈಯಲ್ಲಿ ಮೂರನೇ ಮಹಡಿ ಹತ್ತಿದರೆ ಸಾಕು, ಬಂಡೆಗೆ ಮಾತು ಹೊರಡುತ್ತಿರಲಿಲ್ಲ. ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿ ನಿಂತು, ಉಸಿರು ಹದಕ್ಕೆ ಬಂದ ಮೇಲೆ ಬಾಗಿಲು ತಟ್ಟುತ್ತಿದ್ದ.

ಬಂಡೆಯ ಮನೆ ಕೆಳಗೆ; ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಇದ್ದವಳು ಅವನ ಅತ್ತಿಗೆ. ಆಸ್ಪತ್ರೆಯಲ್ಲಿ ನರ್ಸು. ಅದೇ ಮೆಟ್ಟಿಲ ಮೇಲೆ ಮೂರು ವರ್ಷದ ಹಿಂದೆ, ಬಂಡೆಯ ಹಾಗೇ ಭಾರ ಎತ್ತುತ್ತಿದ್ದ ಅವನ ಅಣ್ಣ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಆಗ ಅವನಿಗೆ ನಲವತ್ತನಾಲ್ಕು. ಈಗ ಬಂಡೆಗೂ ನಲವತ್ತನಾಲ್ಕು ತುಂಬುವುದರಲ್ಲಿತ್ತು.

ಒಂದು ದಿನ ಈಜುಕೊಳದ ಕಂಬಿ ಬೆಸೆಯಲು ಹೋದಾಗ ಗೇಟಿನ ಮೇಲೆ ಅಂಟಿಸಿದ್ದ ಕಾಗದ ಕಣ್ಣಿಗೆ ಬಿತ್ತು. ಹೊಸಬರಿಗಾಗಿ ಟ್ರಯತ್ಲಾನ್. ನಾನೂರು ಮೀಟರ್ ಈಜು, ಅದು ಮುಗಿದ ಕೂಡಲೇ ಹತ್ತು ಕಿಲೋಮೀಟರ್ ಸೈಕಲ್, ಅದರ ಹಿಂದೆಯೇ ಎರಡೂವರೆ ಕಿಲೋಮೀಟರ್ ಓಟ. ನಾಲ್ಕು ತಿಂಗಳು ಸಮಯವಿತ್ತು.

ಮನೆಯಲ್ಲಿ ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಲೇ ಇಲ್ಲ. “ಮೂರು ಕೆಲಸ ಒಟ್ಟಿಗೆ ಮಾಡ್ತೀರಾ? ಮೊದಲು ಒದ್ದೆ ಟವೆಲ್ ಹರವೋದು ಒಂದು ಕಲೀರಿ,” ಅಂದಳು. ಆಮೇಲೆ ತಲೆ ಎತ್ತದೆಯೇ, “ನಿಮ್ಮಣ್ಣನ ವಯಸ್ಸಾಯ್ತು ನಿಮಗೆ. ಒಂದ್ಸಲ ಡಾಕ್ಟರಿಗೆ ತೋರಿಸಿ ಶುರು ಮಾಡಿ,” ಅಂದಳು.

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ.”

“ಅವರೂ ಹಾಗೇ ಇದ್ರು.”

ಬಂಡೆ ಕೇಳಲಿಲ್ಲ. ಮೊದಲ ವಾರ ಓಡಿದ. ಓಡಿದ ಅನ್ನುವುದಕ್ಕಿಂತ ದಿನಾ ರಸ್ತೆಯ ಜೊತೆ ಸೆಣಸಿದ. ಬಾಯಿ ಒಣಗಿ, ಎದೆ ಬಿಗಿದು ನಿಲ್ಲುವ ತನಕ. ನಿಧಾನಕ್ಕೆ ಓಡುವುದು ಕೈಲಾಗದವರ ಕೆಲಸ ಅಂತ ಅವನ ಎಣಿಕೆ.

ಎರಡನೇ ವಾರ ಅದೇ ಈಜುಕೊಳದ ನೀರಿಗಿಳಿದ. ಚಿಕ್ಕಂದಿನಲ್ಲೇ ಈಜು ಕಲಿತಿದ್ದ. ಆದರೆ ಭಾರ ಎತ್ತುವವರಿಗೆ ಒಂದು ರೂಢಿ ಇರುತ್ತದೆ. ಉಸಿರು ಒಳಗೆಳೆದು, ಹೊಟ್ಟೆ ಬಿಗಿಹಿಡಿದು, ಭಾರ ಮೇಲೆ ಹೋದ ಮೇಲಷ್ಟೇ ಉಸಿರು ಬಿಡುವುದು. ಬಂಡೆ ನೀರಿನಲ್ಲೂ ಅದನ್ನೇ ಮಾಡಿದ. ಉಸಿರು ಕಟ್ಟಿಕೊಂಡೇ ಆಚೆ ದಡ ಮುಟ್ಟುತ್ತೇನೆ ಅಂತ ಹೊರಟ. ನಡುವೆ ಕಣ್ಣಿಗೆ ಕತ್ತಲು ಕವಿಯಿತು. ಕೈ ಎತ್ತಲಾಗಲಿಲ್ಲ.

ಕೊಳ ಕಾಯುವ ಹೆಂಗಸು ನೀರಿಗೆ ಹಾರಿ ಅವನನ್ನು ಎಳೆದು ತಂದಳು. ಕೆಮ್ಮಿ ಕೆಮ್ಮಿ ನೀರು ಕಕ್ಕಿದ ಮೇಲೆ ಬಂಡೆಯ ಬಾಯಿಂದ ಬಂದ ಮೊದಲ ಮಾತು, “ನಮ್ಮ ಮನೇಲಿ ಹೇಳಬೇಡಿ.”

“ನಾನ್ಯಾಕೆ ಹೇಳ್ಲಿ? ನೀವೇ ಹೇಳಬೇಕು,” ಅಂದಳು ಅವಳು. “ಈಗ ಸೀದಾ ಆಸ್ಪತ್ರೆಗೆ ನಡೀರಿ. ಡಾಕ್ಟರ ಚೀಟಿ ತರೋ ತನಕ ನನ್ನ ನೀರಿಗೆ ಕಾಲಿಡಬೇಡಿ.”

ಬಂಡೆ ಆಸ್ಪತ್ರೆಗೆ ಹೋಗಲಿಲ್ಲ. ಹೆಂಡತಿಗೆ ಮುಖ ತೋರಿಸಲು ಧೈರ್ಯ ಸಾಲದೆ ಮೂರನೇ ಮಹಡಿ ಹತ್ತಿದ. ಅತ್ತಿಗೆ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಆದದ್ದನ್ನೆಲ್ಲ ಹೇಳಿ, ಕೊನೆಗೆ ಮತ್ತೆ ಅದೇ ಮಾತು ಅಂದ: “ಅವಳಿಗೆ ಮಾತ್ರ ಹೇಳಬೇಡಿ ಅತ್ತಿಗೆ.”

ಅತ್ತಿಗೆ ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದಳು.

“ನಿಮ್ಮಣ್ಣನಿಗೆ ಎರಡು ವಾರದಿಂದ ಎದೆ ಹಿಡಿದ ಹಾಗೆ ಆಗ್ತಿತ್ತಂತೆ. ಗೆಳೆಯನ ಹತ್ರ ಹೇಳಿದ್ರಂತೆ. ‘ನನ್ನ ಹೆಂಡ್ತಿಗೆ ಹೇಳಬೇಡ, ಸುಮ್ನೆ ಗಾಬರಿ ಆಗ್ತಾಳೆ’ ಅಂದ್ರಂತೆ. ನಾನು ದಿನಾ ನೂರು ಜನರ ಬಿಪಿ ನೋಡ್ತೀನಿ. ನನ್ನ ಗಂಡನ ಎದೆನೋವು ನನಗೆ ಗೊತ್ತಾಗಿದ್ದು ಅವರು ಹೋದ ಮೇಲೆ.”

ಬಂಡೆ ಕೇಳಿದ, “ಭಾರ ಎತ್ತಿದ್ದಕ್ಕೇ ಅಣ್ಣ ಹೋದ್ನಾ ಅತ್ತಿಗೆ?”

“ಅಲ್ಲಪ್ಪ. ಭಾರ ಎತ್ತೋದು ತಪ್ಪಲ್ಲ. ಮುಚ್ಚಿಟ್ಟಿದ್ದು ತಪ್ಪು. ನಿಂಗೆ ತೋಳು ಗಟ್ಟಿ ಇದೆ, ಆದ್ರೆ ಹೊತ್ತುಗಟ್ಟಲೆ ಓಡೋ ಅಭ್ಯಾಸ ಇಲ್ಲ. ಅದನ್ನ ಮೊದಲಿಂದ ಕಲೀಬೇಕು. ಮಾತಾಡ್ತಾ ಓಡೋಕಾಗುತ್ತಾ ನೋಡು. ಮಾತು ತುಂಡಾದ್ರೆ ವೇಗ ಇಳಿಸು, ಬೇಕಾದ್ರೆ ನಡಿ. ನೀರೊಳಗೆ ಮುಖ ಇದ್ದಾಗ ಉಸಿರು ಬಿಡ್ತಾ ಇರು, ಕಟ್ಟಬೇಡ. ಒಬ್ಬನೇ ಈಜಬೇಡ. ವಾರದಲ್ಲಿ ಸುಮ್ನಿರೋಕೂ ದಿನ ಬೇಕು. ಭಾರ ಪೂರ್ತಿ ಬಿಡೋದೂ ಬೇಡ. ಆದ್ರೆ ಎಲ್ಲಕ್ಕಿಂತ ಮೊದಲು ಕೆಳಗೆ ಹೋಗಿ ಅವಳಿಗೆ ಹೇಳು. ಇವತ್ತೇ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ.”

ಬಂಡೆ ಕೆಳಗಿಳಿದು ಹೇಳಿದ. ಈ ಸಲ ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಬೈಯಲಿಲ್ಲ. ಸೂಜಿಯಡಿ ಇದ್ದ ಬಟ್ಟೆಯನ್ನು ಹಾಗೇ ಬಿಟ್ಟು ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಇಸಿಜಿಯಲ್ಲಿ ತೊಂದರೆ ಕಾಣಲಿಲ್ಲ. ಬಿಪಿ ಮಾತ್ರ ತುಂಬಾ ಏರಿತ್ತು. ಡಾಕ್ಟರು ಮಾತ್ರೆ ಕೊಟ್ಟರು. ಬಿಪಿ ಹತೋಟಿಗೆ ಬರುವ ತನಕ ಬರೀ ನಡಿಗೆ ಅಂದರು. ಬಂಡೆ ನಡೆದ. ಆಮೇಲೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೆಂಡತಿ ಸೈಕಲ್ಲಿನಲ್ಲಿ ಪಕ್ಕಕ್ಕೇ ಬರುತ್ತ, ಬೇಕೆಂದೇ ಏನಾದರೂ ಪ್ರಶ್ನೆ ಕೇಳುತ್ತಿದ್ದಳು. ಉತ್ತರ ತಡವಾದರೆ, “ನಿಲ್ಲಿ, ನಡೀರಿ,” ಅನ್ನುತ್ತಿದ್ದಳು. ಚೀಟಿ ತಂದ ಮೇಲೆ ಕೊಳದಲ್ಲಿ ಅಂಚು ಹಿಡಿದು ಬರೀ ಗುಳ್ಳೆ ಬಿಡುವ ಪಾಠ. “ನಮ್ಮ ಬಂಡೆ ಕುದೀತಾ ಇದೆ,” ಅಂತ ಪಕ್ಕದಲ್ಲಿದ್ದ ಮುದುಕರು ನಕ್ಕರು. ಅವನೂ ನಕ್ಕು ಮತ್ತೆ ಮುಖ ಮುಳುಗಿಸಿದ.

ಆ ಸಲದ ಟ್ರಯತ್ಲಾನಿಗೆ ಅವನು ಇಳಿಯಲಿಲ್ಲ. ಇನ್ನೂ ಬೇಡ ಅಂದರು ಡಾಕ್ಟರು. ದಡದಲ್ಲಿ ನಿಂತು ಬೇರೆಯವರ ಸೈಕಲ್ ಹಿಡಿದುಕೊಂಡ. ಸಂಜೆ ಹೆಂಡತಿಯ ಜೊತೆ ಅತ್ತಿಗೆಯ ಮನೆಗೆ ಮೆಟ್ಟಿಲು ಹತ್ತುತ್ತ, ಯಾರು ಹೇಗೆ ಈಜಿದರು ಅಂತ ಕೊಳದ ಕಥೆಯನ್ನೆಲ್ಲ ಹೇಳಿದ. ಅಣ್ಣ ಬಿದ್ದ ಮೆಟ್ಟಿಲನ್ನು ಬಗ್ಗಿ ಮುಟ್ಟಿದ. ಬಗ್ಗಿದ್ದು ದಣಿವಿಗಲ್ಲ. ಮತ್ತೆ ಮಾತು ಮುಂದುವರಿಸುತ್ತಲೇ ಹೋಗಿ ಬಾಗಿಲು ತಟ್ಟಿದ. ಅತ್ತಿಗೆ ಒಳಗಿನಿಂದಲೇ ಅವನ ದನಿ ಕೇಳುತ್ತ ನಿಂತಿದ್ದಳು. ಬಾಗಿಲು ತೆರೆದಾಗ ಅವಳ ಕಣ್ಣು ಒದ್ದೆಯಾಗಿತ್ತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹೊಸ ವ್ಯಾಯಾಮಕ್ಕೆ ಇಳಿಯುವ ಮುಂಚೆ ಒಮ್ಮೆ ವೈದ್ಯರಿಗೆ ತೋರಿಸಿ. ಎಷ್ಟೇ ಬಲಶಾಲಿಯಾದರೂ ಹೊಸ ಕೆಲಸಕ್ಕೆ ನೀವು ಹೊಸಬರೇ, ನಿಧಾನವಾಗಿ ಶುರುಮಾಡಲು ನಾಚಬೇಡಿ. ಬಂಡೆಗೆ ಹೇಳಿದ ಅಳತೆ ನಿಮಗೂ ಸರಿಹೋಗುತ್ತದೆ ಅಂತಲ್ಲ, ನಿಮ್ಮ ಅಳತೆ ನಿಮ್ಮ ವೈದ್ಯರನ್ನೇ ಕೇಳಿ. ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ, ಅಲ್ಲೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಮತ್ತು ದಯವಿಟ್ಟು, ಮನೆಯಲ್ಲಿ ಹೇಳಿ.