ಐದನೇ ಭಾಗದ ಅಳು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಆ ಹೆಂಗಸು ಅಳೆದು ತೂಗಿ ಮಾತಾಡುವವಳು. ಗಿರಾಕಿಯ ಕಣ್ಣ ಮುಂದೆ ಒಂದೊಂದೇ ಗಾಜು ಬದಲಿಸುತ್ತ, ‘ಇದರಲ್ಲಿ ಸ್ಪಷ್ಟವೋ, ಅದರಲ್ಲೋ?’ ಎಂದು ಕೇಳುವುದು ಅವಳ ದಿನದ ಕೆಲಸ. ಬಹಳ ಜನ ತಮಗೆ ಕಂಡದ್ದನ್ನು ಹೇಳುವುದಿಲ್ಲ. ಅವಳ ಮುಖ ನೋಡಿ, ಯಾವುದು ಹೇಳಿದರೆ ಅವಳಿಗೆ ಹಿತವಾದೀತೋ ಅದನ್ನು ಹೇಳುತ್ತಾರೆ. ಅಂಥವರನ್ನು ಅವರು ಕೂತ ಭಂಗಿಯಿಂದಲೇ ಅವಳು ಗುರುತು ಹಿಡಿಯುತ್ತಿದ್ದಳು. ತಾನೂ ಅವರ ಪೈಕಿಯೇ ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಅವಳಿಗೊಂದು ಆಟದ ಹುಚ್ಚು. ಕಂಪ್ಯೂಟರಿನಲ್ಲಿ ಗೊಂಬೆಯಂಥ ಮನುಷ್ಯರನ್ನು ಮಾಡಿ, ಅವರಿಗೆ ಮನೆ ಕಟ್ಟಿ, ಉಣ್ಣಿಸಿ, ಕೆಲಸಕ್ಕೆ ಕಳಿಸಿ, ಮದುವೆ ಮಾಡಿಸಿ, ಜಗಳ ಬಿಡಿಸುವ ಆಟ. ಅದರಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ; ಸಂಸಾರ ನಡೆಯುತ್ತಿರಬೇಕು, ಅಷ್ಟೆ. ‘ಇಲ್ಲೊಂದು ಸಂಸಾರ ಸಾಲದು ಅಂತ ಅಲ್ಲೂ ಒಂದಾ?’ ಎಂದು ಗಂಡ ರೇಗಿಸುತ್ತಿದ್ದ. ಆ ಆಟದ ಮೊದಲ ಭಾಗ ಬಂದಾಗ ಅವಳು ಈ ಮನೆಗೆ ಹೊಸ ಸೊಸೆ. ನಾದಿನಿ ಪುಟ್ಟಿ ಇನ್ನೂ ಶಾಲೆಗೆ ಹೋಗುತ್ತಿದ್ದ, ಮಾತು ಮಾತಿಗೂ ಸಿಡುಕುವ ಹುಡುಗಿ. ಇಬ್ಬರೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು, ಸೋಫಾಕ್ಕೆ ಯಾವ ಬಣ್ಣ ಎಂದು ಕಿತ್ತಾಡುತ್ತಲೇ ಒಂದಾದರು. ಈಗ ಪುಟ್ಟಿಗೆ ಮೂವತ್ತು ದಾಟಿದೆ, ಮನೆಯಲ್ಲಿ ಮಾತ್ರ ಇನ್ನೂ ಪುಟ್ಟಿಯೇ. ಮಹಡಿಯ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಾಳೆ. ಗೊಂಬೆಗಳಿಗೆ ನಡಿಗೆ, ಕೆಮ್ಮು, ಆಕಳಿಕೆ ಕೂಡಿಸಿ ಜೀವ ತುಂಬುವುದು ಅವಳ ಕಸುಬು. ಯಾವ ಕಂಪನಿಗೆ, ಯಾವ ಆಟಕ್ಕೆ ಎಂದು ಕೇಳಿದರೆ, ‘ಹೇಳೋ ಹಾಗಿಲ್ಲ’ ಎನ್ನುತ್ತಿದ್ದಳು. ಅತ್ತಿಗೆಯೂ ಹೆಚ್ಚು ಕೆದಕುತ್ತಿರಲಿಲ್ಲ.

ವರ್ಷಗಟ್ಟಲೆ ಕಾದ ಮೇಲೆ ಆ ಆಟದ ಐದನೇ ಭಾಗ ಬಂತು. ಬಂದ ದಿನವೇ ಆಟಗಾರರ ಗುಂಪಿನಲ್ಲಿ ಬೆಂಕಿ ಬಿತ್ತು. ಫೋನಿನಲ್ಲಿರುವ ಈ ಗುಂಪಿನಲ್ಲಿ ಅವಳಿಗೆ ‘ಸೂಜಿಮೊನೆ’ ಎಂಬ ಅಡ್ಡಹೆಸರು. ಯಾವಾಗಲೋ ಹೊಲಿಗೆ ಕಲಿಯುತ್ತಿದ್ದಾಗ ಇಟ್ಟುಕೊಂಡದ್ದು. ಹೆಸರು ಹರಿತವಾಗಿದ್ದರೂ ಅವಳು ಅಲ್ಲಿ ಬಾಯಿ ಬಿಟ್ಟದ್ದು ಕಡಿಮೆ. ಬೇರೆಯವರು ಹೇಳುವುದನ್ನು ಓದುತ್ತ ಮೂಲೆಯಲ್ಲಿರುವವಳು.

ಎಲ್ಲರ ಸಿಟ್ಟೂ ಅಳುವಿನ ಮೇಲೆ. ಹಳೆಯ ಭಾಗಗಳಲ್ಲಿ ಗೊಂಬೆಗಳು ಬಾಯಿ ಅಗಲಿಸಿ ಗೋಳೋ ಎಂದು ಅಳುತ್ತಿದ್ದವು, ಕಣ್ಣೀರು ಕಾರಂಜಿಯಂತೆ ಚಿಮ್ಮುತ್ತಿತ್ತು, ಕೈಗೊಂದು ಐಸ್‌ಕ್ರೀಂ ಕೊಟ್ಟರೆ ನಿಲ್ಲುತ್ತಿತ್ತು. ಐದನೇ ಭಾಗದಲ್ಲಿ ವಯಸ್ಸಾದ ಹೆಂಗಸಿಗೆ ದುಃಖವಾದರೆ ಅವಳು ಸುಮ್ಮನೆ ಎದ್ದು ಸಿಂಕಿನ ಮುಂದೆ ಹೋಗಿ, ನಮಗೆ ಬೆನ್ನು ಮಾಡಿ, ಒಣಗಿದ ತಟ್ಟೆಯೊಂದನ್ನು ತೆಗೆದುಕೊಂಡು ಒರೆಸತೊಡಗುತ್ತಾಳೆ. ಒರೆಸಿದ್ದನ್ನೇ ಒರೆಸುತ್ತಾಳೆ. ಕಣ್ಣೀರಿಲ್ಲ, ಸದ್ದಿಲ್ಲ. ಐಸ್‌ಕ್ರೀಂ ಕೊಟ್ಟರೆ ತೆಗೆದುಕೊಂಡು ಪಕ್ಕಕ್ಕಿಡುತ್ತಾಳೆ.

‘ನಮ್ಮಜ್ಜಿಗೆ ತಲೆ ಕೆಟ್ಟಿದೆ’ ಎಂದು ಒಬ್ಬ ಬರೆದ. ‘ಅಳ್ತಿದಾಳೋ, ಮನೆಗೆಲಸಕ್ಕೆ ಸೇರ್ಕೊಂಡಿದಾಳೋ?’ ಎಂದು ಇನ್ನೊಬ್ಬಳು.

ಅತ್ತಿಗೆ ಅಷ್ಟರಲ್ಲಿ ಆಡಿದ್ದು ಒಂದು ಗಂಟೆಯಿದ್ದೀತು. ಆ ಅಳುವನ್ನು ಒಮ್ಮೆ ನೋಡಿದ್ದಳು. ನೋಡಿದಾಗ ಚೆನ್ನಾಗಿದೆಯೆಂದೂ ಅನ್ನಿಸಿರಲಿಲ್ಲ, ಕೆಟ್ಟದೆಂದೂ ಅನ್ನಿಸಿರಲಿಲ್ಲ. ಆದರೆ ಎಲ್ಲರೂ ಕಲ್ಲು ಹೊಡೆಯುತ್ತಿರುವಾಗ ಕೈಯಲ್ಲೊಂದು ಕಲ್ಲಿಲ್ಲದವಳು ಪೆದ್ದಿಯಂತೆ ಕಾಣುತ್ತಾಳೆ. ಮಾತುಗಳನ್ನು ಎರಡು ಸಲ ತಿದ್ದಿ, ನಯ ಮಾಡಿ, ಬರೆದಳು: ‘ಈ ಅಳು ಮಾಡಿದವರು ಒಂದೋ ಜನ್ಮದಲ್ಲಿ ಅತ್ತಿಲ್ಲ, ಇಲ್ಲವೋ ಜನ್ಮದಲ್ಲಿ ಪಾತ್ರೆ ತೊಳೆದಿಲ್ಲ.’

ಗುಂಪು ಹುಚ್ಚೆದ್ದು ನಕ್ಕಿತು. ಅಂಗಡಿಗೆ ಹೋಗುವ ಬಸ್ಸಿನಲ್ಲಿ ಅವಳು ಫೋನು ತೆಗೆದು ತೆಗೆದು ನೋಡಿದಳು. ಯಾರೋ ಆ ಸಾಲನ್ನು ತಟ್ಟೆಯ ಚಿತ್ರದ ಮೇಲೆ ಅಂದವಾಗಿ ಬರೆದು ಹಂಚಿದ್ದರು. ಬೇರೆ ಗುಂಪುಗಳಿಗೂ ಹೋಯಿತು. ‘ಸೂಜಿಮೊನೆ ಚುಚ್ಚಿದರೆ ಹೀಗೆ’ ಎಂದರು. ಅವಳಿಗೆ ಆ ದಿನವೆಲ್ಲ ಕಾಲು ನೆಲದ ಮೇಲಿರಲಿಲ್ಲ.

ಆ ವಾರ ಮುಗಿಯುವ ಮುಂಚೆ ಊಟಕ್ಕೆ ಕೂತಾಗ ಪುಟ್ಟಿ ಹೇಳಿದಳು.

“ಅತ್ತಿಗೆ, ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಯಾರಿಗೂ ಹೇಳಲ್ಲ ಅಂತ ಕಂಪನಿಯವರು ಸಹಿ ಮಾಡಿಸ್ಕೊಂಡಿದ್ರು. ಈಗ ಹೇಳಬಹುದಂತೆ. ಐದನೇ ಭಾಗದಲ್ಲಿ ನಂದೂ ಇದೆ.”

“ನಿಂದು ಏನು?”

“ವಯಸ್ಸಾದ ಹೆಂಗಸರ ಅಳು. ಪೂರ್ತಿ ನಂದೇ.”

ಅತ್ತಿಗೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಗಂಡ ಮಾತ್ರ ನಕ್ಕ. “ಅಳೋದಕ್ಕೂ ಸಂಬಳ ಕೊಡ್ತಾರಾ? ಹಾಗಿದ್ರೆ ನಮ್ಮಮ್ಮ ಅರಮನೆ ಕಟ್ಟಿಸ್ತಿದ್ಲು.”

“ನೀನು ಸುಮ್ನಿರೋ ಅಣ್ಣ. ಅತ್ತಿಗೆ, ನೀನು ನೋಡಿರ್ತೀಯಲ್ಲ, ಹೇಗಿದೆ? ನೀನು ಹೇಳಿದ್ರೆ ನಂಬ್ತೀನಿ.”

“ಚೆನ್ನಾಗಿದೆ.”

“ಬರೀ ಚೆನ್ನಾಗಿದೆಯಾ?”

“ತುಂಬ ಚೆನ್ನಾಗಿದೆ ಪುಟ್ಟಿ. ನಿಜವಾಗಿ.”

ಪುಟ್ಟಿಯ ಮುಖ ಒಂದು ಕ್ಷಣ ಅರಳಿ ಮತ್ತೆ ಮುದುಡಿತು. ಫೋನು ತೆಗೆದಳು. “ಇದನ್ನ ಕೇಳು. ಯಾರೋ ಸೂಜಿಮೊನೆ ಅಂತೆ.” ಓದಿದಳು. ತನ್ನದೇ ಮಾತು ನಾದಿನಿಯ ಬಾಯಲ್ಲಿ, ಅದೂ ಅನ್ನದ ತಟ್ಟೆಯ ಮುಂದೆ, ಕೇಳಿಸಿಕೊಳ್ಳಬೇಕಾಗಿ ಬಂತು ಅವಳಿಗೆ. “ಒಂದು ವರ್ಷದ ಕೆಲಸ ಅತ್ತಿಗೆ. ಒಂದು ಸಾಲಲ್ಲಿ ಗುಡಿಸಿ ಹಾಕಿದಾಳೆ. ಕಂಪನೀಲೂ ಎಲ್ಲರೂ ಇದನ್ನೇ ಹೇಳ್ಕೊಂಡು ನಗ್ತಿದಾರೆ.”

“ಮಾತೇನೋ ಚೆನ್ನಾಗಿದೆ ಕಣೆ,” ಎಂದ ಗಂಡ. ತಂಗಿ ದುರುಗುಟ್ಟಿದ ಮೇಲೆ, “ಚೆನ್ನಾಗಿದೆ ಅಂದೆ, ಸರಿ ಅನ್ನಲಿಲ್ಲ,” ಎಂದು ನೀರು ಕುಡಿದ.

ಅತ್ತಿಗೆ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಆ ಸಾಲನ್ನು ಅಳಿಸಿದಳು. ಅಳಿಸಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಟ್ಟೆಯ ಚಿತ್ರ ಊರೂರು ಸುತ್ತುತ್ತಲೇ ಇತ್ತು. ಪುಟ್ಟಿಗೆ ಹೇಳಿಬಿಡಬೇಕು ಎಂದು ಕನ್ನಡಿಯ ಮುಂದೆ ನಿಂತು ಎರಡು ಮೂರು ವಾಕ್ಯ ಕಟ್ಟಿ ನೋಡಿದಳು. ಎಲ್ಲವೂ ಒಪ್ಪವಾಗಿದ್ದವು. ಯಾವುದೂ ಬಾಯಿಂದ ಹೊರಡುವಂತಿರಲಿಲ್ಲ.

ಹೇಳಲಾರದವಳು ಆಟ ಆಡತೊಡಗಿದಳು, ತಪ್ಪುಕಾಣಿಕೆ ಹಾಕುವವಳಂತೆ. ಒಂದು ಮನೆ ಕಟ್ಟಿ ಅಜ್ಜಿ, ಮಗ, ಸೊಸೆ, ಮೊಮ್ಮಗಳನ್ನು ಇರಿಸಿದಳು. ಒಂದು ಭಾನುವಾರ ಮಗ ಜಗಳವಾಡಿ ಪೆಟ್ಟಿಗೆ ಹಿಡಿದು ಹೊರಟ. ಅಜ್ಜಿ ಎದ್ದು ಸಿಂಕಿಗೆ ಹೋದಳು. ಈ ಸಲ ಅತ್ತಿಗೆ ಐಸ್‌ಕ್ರೀಂ ಕೊಡಲಿಲ್ಲ, ಏನನ್ನೂ ಒತ್ತಲಿಲ್ಲ, ಸುಮ್ಮನೆ ಕಾದಳು. ತಟ್ಟೆ ತಿರುಗುತ್ತಿತ್ತು. ಬೆನ್ನು ನೆಟ್ಟಗಿತ್ತು. ಎಷ್ಟೋ ಹೊತ್ತಾದ ಮೇಲೆ ಮೊಮ್ಮಗಳು ಬಾಗಿಲಲ್ಲಿ ಕಾಣಿಸಿಕೊಂಡಳು. ತುಸು ಹೊತ್ತು ಅಲ್ಲೇ ನಿಂತು, ಆಮೇಲೆ ಬಂದು ಇನ್ನೊಂದು ಬಟ್ಟೆ ಎತ್ತಿಕೊಂಡು ಪಕ್ಕದಲ್ಲಿ ನಿಂತು ತಾನೂ ಒಂದು ತಟ್ಟೆ ಒರೆಸತೊಡಗಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಗುಂಪಿನಲ್ಲಿ ಇದರ ಬಗ್ಗೆ ಒಬ್ಬರೂ ಬರೆದಿರಲಿಲ್ಲ. ಅಷ್ಟು ಹೊತ್ತು ಯಾರೂ ಕಾದಿರಲಿಲ್ಲ.

ಅದೇ ವಾರ ಅಂಗಡಿಯ ಯಜಮಾನ ಗಿರಾಕಿಗಳೆದುರು ಅವಳನ್ನು ಬೈದ. ಕನ್ನಡಕವೊಂದರ ಅಳತೆ ತಪ್ಪಿತ್ತು, ತಪ್ಪು ಅವನದೇ. “ಕಣ್ಣಿನ ಅಂಗಡೀಲಿ ಕೂತು ಕಣ್ಣು ಮುಚ್ಕೊಂಡು ಕೆಲಸ ಮಾಡ್ತೀರಾ?” ಎಂದ. ಅವಳು “ಸರಿ ಸರ್” ಎಂದು ಒಳಗಿನ ಕೋಣೆಗೆ ಬಂದಳು. ಅಲ್ಲಿ ಪರೀಕ್ಷೆಯ ಗಾಜುಗಳು ಬೆಳಗ್ಗೆಯೇ ಒರೆಸಿ ಸಾಲಾಗಿ ಜೋಡಿಸಿದಂತೆಯೇ ಇದ್ದವು. ಒಂದನ್ನು ತೆಗೆದು ಒರೆಸಿದಳು. ಇಟ್ಟು ಇನ್ನೊಂದು. ನಾಲ್ಕನೆಯದೋ ಐದನೆಯದೋ ಗಾಜಿಗೆ ಬಂದಾಗ ಅವಳಿಗೆ ತನ್ನ ಕೈ ಕಂಡಿತು, ಬಾಗಿಲಿಗೆ ಬೆನ್ನು ಮಾಡಿ ನಿಂತ ತನ್ನ ರೂಪ ಕಂಡಿತು. ಯಜಮಾನ ಬೈದಾಗಲೂ ಅವಳಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಸಂಜೆ ಸೂಜಿಮೊನೆಯ ಹೆಸರಿನಲ್ಲೇ ಬರೆದಳು: ‘ನಾನು ಅವಸರದಲ್ಲಿ ಹೇಳಿದ್ದೆ. ಆ ಅಳುವನ್ನು ಕೊನೆಯವರೆಗೆ ನೋಡಿ. ಕೆಲವರು ಹಾಗೇ ಅಳುತ್ತಾರೆ.’

ಗುಂಪು ಈ ಸಲವೂ ನಕ್ಕಿತು. ‘ಕಂಪನಿಯವರು ಎಷ್ಟು ಕೊಟ್ಟರು?’ ‘ಸೂಜಿಯ ಮೊನೆ ಮುರಿಯಿತು ಪಾಪ.’ ಹಳೆಯ ತಟ್ಟೆಯ ಚಿತ್ರವನ್ನೇ ಅವಳಿಗೆ ಉತ್ತರವಾಗಿ ಹಾಕಿದರು. ಅವಳ ಮಾತು ಅವಳಿಗೇ ತಿರುಗುಬಾಣವಾಯಿತು.

ಮರುದಿನ ಬೆಳಗ್ಗೆ ಪುಟ್ಟಿ ಮಹಡಿಯಿಂದ ಇಳಿದು ಬಂದದ್ದೇ, “ಅದೇ ಸೂಜಿಮೊನೆ ಈಗ ಚೆನ್ನಾಗಿದೆ ಅಂತಿದಾಳೆ,” ಎಂದಳು.

“ಒಳ್ಳೇದಲ್ವಾ?” ಅವಳ ದನಿ ಸಣ್ಣಗಾಗಿತ್ತು.

“ಏನು ಒಳ್ಳೇದು? ಬೈದಾಗಲಾದ್ರೂ ಒಂದು ಧೈರ್ಯ ಇತ್ತು. ಇವತ್ತು ಹೀಗೆ, ನಾಳೆ ಹಾಗೆ. ಇಂಥವರ ಹೊಗಳಿಕೆ ತಗೊಂಡು ಉಪ್ಪಿನಕಾಯಿ ಹಾಕ್ಲಾ?” ಪುಟ್ಟಿ ಕುರ್ಚಿ ಎಳೆದು ಕೂತಳು. “ಹೇಗೂ ತಡವಾಯ್ತು. ಆ ಅಳು ತೆಗೀತಾರಂತೆ. ಎಲ್ಲರಿಗೂ ಅರ್ಥವಾಗೋ ಹಾಗೆ ಹೊಸದು ಮಾಡಿ ಕೊಡು ಅಂದ್ರು. ಮುಖಕ್ಕೆ ಕೈ ಹಿಡಿದು, ಭುಜ ಕುಣಿಸಿ ಅಳೋದು. ಕೊಡದಿದ್ರೆ ಬೇರೆಯವರ ಕೈಲಿ ಮಾಡಿಸ್ತಾರೆ, ನನಗೆ ಮುಂದಿನ ಕೆಲಸ ಇಲ್ಲ.”

ಗಂಡ ಪೇಪರಿನ ಪುಟ ಮಗುಚಿದ.

“ಅತ್ತಿಗೆ, ಇವತ್ತು ನಿನಗೆ ರಜಾ ಅಲ್ವಾ? ನಂಗೆ ಅತ್ತು ತೋರಿಸೋಕೆ ಒಬ್ಬರು ಬೇಕು. ವಿಡಿಯೊ ತೆಗೆದು, ಅದನ್ನ ನೋಡ್ಕೊಂಡು ಗೊಂಬೆ ಕೈಕಾಲು ಆಡಿಸ್ತೀನಿ. ಅಣ್ಣನ್ನ ಕೂರಿಸಿದ್ರೆ ನಗ್ತಾನೆ.”

ಬೇಡವೆನ್ನಲು ಅವಳಿಗೆ ಬಾಯಿ ಎಲ್ಲಿತ್ತು.

ಪುಟ್ಟಿಯ ಕೋಣೆಯಲ್ಲಿ ಎರಡು ಕ್ಯಾಮೆರಾ, ಒಂದು ಮುಂದೆ, ಒಂದು ಪಕ್ಕಕ್ಕೆ. ನಡುವೆ ಬೆನ್ನಿಲ್ಲದ ಸ್ಟೂಲು. ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅವಳು ಕೂತು, ಮುಖಕ್ಕೆ ಕೈ ಹಿಡಿದು, ಭುಜ ಕುಣಿಸಿದಳು. ಪುಟ್ಟಿ ನೋಡಿ, “ಕೆಮ್ಮಿದ ಹಾಗಿದೆ, ಇನ್ನೊಂದ್ಸಲ,” ಎಂದಳು. ಇನ್ನೊಂದು ಸಲವೂ ಸರಿಬರಲಿಲ್ಲ. ಮೂರನೆಯದಕ್ಕೆ ಇಬ್ಬರಿಗೂ ನಗು ಬಂತು. ನಕ್ಕು ಸುಧಾರಿಸಿಕೊಂಡ ಪುಟ್ಟಿ ಕ್ಯಾಮೆರಾದ ಕಾಲು ಸರಿಪಡಿಸುತ್ತ ಹೇಳಿದಳು:

“ನಿಂಗೆ ಹೀಗೆ ಅಳೋಕೆ ಬರಲ್ಲ ಅಂತ ಗೊತ್ತು ನಂಗೆ. ಆ ಹಳೇದು ನಿನ್ನನ್ನ ನೋಡೇ ಮಾಡಿದ್ದು, ಗೊತ್ತಾ?”

“ನನ್ನನ್ನಾ?”

“ನಿಮ್ಮಮ್ಮ ತೀರ್ಕೊಂಡ ವರ್ಷ. ಅಡುಗೆಮನೇಲಿ ಹಾಗೇ ನಿಂತಿರ್ತಿದ್ದೆ, ಒಣಗಿದ ತಟ್ಟೆ ಹಿಡ್ಕೊಂಡು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಒಳಗೆ ಬರೋಕೆ ಒಂದು ದಿನಾನೂ ಧೈರ್ಯ ಆಗಲಿಲ್ಲ. ಅದಕ್ಕೇ ಆಟದಲ್ಲಿ ಆ ಮೊಮ್ಮಗಳನ್ನ ಒಳಗೆ ಕಳಿಸಿದ್ದು.” ಕ್ಯಾಮೆರಾದ ಗುಂಡಿ ಒತ್ತಿದಳು. “ಇರ್ಲಿ ಬಿಡು. ಹೂಂ, ಶುರು ಮಾಡು.”

ಅವಳು ಕೈಗಳನ್ನು ಮುಖಕ್ಕೆ ತಂದಳು. ಈ ಸಲ ಅಭಿನಯಿಸಲು ಅಲ್ಲ. ನಾದಿನಿ ತನ್ನ ಮುಖ ನೋಡಬಾರದಿತ್ತು, ಅಷ್ಟೆ. ಭುಜ ಕುಣಿಸಲು ನೆನಪಾಗಲಿಲ್ಲ. ಭುಜಗಳು ಕಿವಿಯ ಕಡೆಗೆ ಏರಿ ಅಲ್ಲೇ ಬಿಗಿದುಕೊಂಡವು.

“ಪುಟ್ಟಿ,” ಎಂದಳು ಕೈಗಳ ಹಿಂದಿನಿಂದ. “ಆ ಸೂಜಿಮೊನೆ ನಾನೇ ಕಣೆ.”

ಕ್ಯಾಮೆರಾ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಪುಟ್ಟಿ ಅದನ್ನು ನಿಲ್ಲಿಸಲಿಲ್ಲ.

“ಎರಡೂ ನಾನೇ. ಬೈದಿದ್ದೂ, ಹೊಗಳಿದ್ದೂ. ನಿಂದು ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಾಯಿ ಬರಲಿಲ್ಲ.” ನಿಲ್ಲಿಸಿ, “ನನ್ನದು ಅಂತಾನೂ ಗೊತ್ತಾಗಲಿಲ್ಲ,” ಎಂದಳು.

ಪುಟ್ಟಿ ಹೇಳಿದ್ದು ಇಷ್ಟೇ: “ಕೈ ತೆಗಿ ಅತ್ತಿಗೆ.”

ಅವಳಿಂದಾಗಲಿಲ್ಲ. ಪುಟ್ಟಿ ಕೆಳಗಿಳಿದು ಹೋದ ಹೆಜ್ಜೆಗಳು ಕೇಳಿಸಿದವು. ಆಮೇಲೂ ಅವಳು ಹಾಗೇ ಕೂತಿದ್ದಳು.

ಆಮೇಲೆ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಪುಟ್ಟಿ ಊಟಕ್ಕೆ ಬರುತ್ತಿದ್ದಳು, ಉಪ್ಪು ಕೇಳುತ್ತಿದ್ದಳು, ಅಣ್ಣನ ಜೋಕಿಗೆ ನಗುತ್ತಿದ್ದಳು. ಆಟದ ಮಾತು ಮಾತ್ರ ಎತ್ತಲಿಲ್ಲ. ‘ಹೇಗಿದೆ ಅತ್ತಿಗೆ?’ ಎಂದು ಏನನ್ನೂ ಕೇಳಲಿಲ್ಲ, ತೊಟ್ಟ ಹೊಸ ಅಂಗಿಯನ್ನು ಕುರಿತು ಕೂಡ.

ಮುಂದಿನ ತಿಂಗಳು ಆಟದ ತಿದ್ದುಪಡಿ ಬಂತು. ಗುಂಪಿನ ಗಾಳಿಯೇ ಬದಲಾಗಿತ್ತು. ‘ಅಳು ಅಂದ್ರೆ ಇದು.’ ‘ಅತ್ತು ಮುಗಿದ ಮೇಲೂ ಕೈ ತೆಗೆಯೋದೇ ಇಲ್ಲ ನೋಡಿ, ಎದೆ ಝಲ್ ಅನ್ನುತ್ತೆ.’ ‘ಐದನೇ ಭಾಗ ಇಷ್ಟು ಚೆನ್ನಾಗಿದೆ ಅಂತ ನಾನು ಮೊದಲೇ ಹೇಳಿದ್ದೆ,’ ಎಂದ, ಅಜ್ಜಿಗೆ ತಲೆ ಕೆಟ್ಟಿದೆ ಎಂದಿದ್ದವನೇ. ಇನ್ನೊಬ್ಬಳು, ‘ಅವತ್ತು ಸೂಜಿಮೊನೆ ಚುಚ್ಚದಿದ್ದರೆ ಇದು ನಮಗೆ ಸಿಗುತ್ತಿರಲಿಲ್ಲ, ಅವರಿಗೊಂದು ನಮಸ್ಕಾರ,’ ಎಂದು ಬರೆದಳು. ಅದರ ಕೆಳಗೆ ಸಾಲು ಸಾಲಾಗಿ ಜೋಡಿಸಿದ ಕೈಗಳ ಚಿತ್ರ.

ಅವಳು ಆಟ ತೆರೆದಳು. ಮಗನಿಲ್ಲದ ಮನೆಯಲ್ಲಿ ಅಜ್ಜಿ ಸ್ಟೂಲಿನ ಮೇಲೆ ಕೂತಳು. ಕೈಗಳನ್ನು ಮುಖಕ್ಕೆ ತಂದಳು. ಭುಜಗಳು ಕಿವಿಯ ಕಡೆಗೆ ಏರಿ ಬಿಗಿದುಕೊಂಡವು. ಕೈಗಳ ಹಿಂದೆ ಗೊಂಬೆ ಏನೋ ಹೇಳುತ್ತಿತ್ತು. ನಡುವೆ ನಿಲ್ಲಿಸಿ, ಇನ್ನೊಂದಿಷ್ಟು ಹೇಳಿತು. ಆ ಆಟದ ಗೊಂಬೆಗಳದ್ದು ಅವುಗಳದೇ ತೊದಲು ಭಾಷೆ, ಯಾರ ಮಾತೂ ಅರ್ಥವಾಗುವುದಿಲ್ಲ.

ಹಿಂದೆ ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು, ಹೊರಗೆ ಹೊರಟವಳು, ಹೆಗಲಿಗೆ ಚೀಲ.

“ಅವತ್ತಿನದ್ದನ್ನೇ ಕೊಟ್ಟೆ,” ಎಂದಳು. “ಬೇರೆ ಯಾವುದೂ ಸರಿಬರಲಿಲ್ಲ.”

ಅತ್ತಿಗೆ ತಿರುಗಿ ನೋಡಲಿಲ್ಲ. ಪುಟ್ಟಿ ಒಂದು ಗಳಿಗೆ ಅಲ್ಲೇ ನಿಂತಿದ್ದು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಮುಂಬಾಗಿಲು ಹಾಕಿಕೊಂಡಿತು. ತೆರೆಯ ಮೇಲೆ ಗೊಂಬೆ ಇನ್ನೂ ಕೈ ತೆಗೆದಿರಲಿಲ್ಲ. ಎಬ್ಬಿಸಬೇಕೆಂದರೆ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅದನ್ನು ಒತ್ತುವ ಧೈರ್ಯ ಅವಳಿಗೆ ಬರಲಿಲ್ಲ.