ಎಂಟು ದಿನದ ದಾರಿ

ನರೋಣಾದ ಗೌಸಮೊಹಿದ್ದೀನ ನದಾಫನಿಗೆ ದಾರಿ ಎಂದರೆ ತಾಸಿನ ಲೆಕ್ಕ. ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿ ಊರೂರು ಗಾದಿ ತುಂಬುತ್ತ ತಿರುಗುವವನು, ಬಾರದ ಬಸ್ಸನ್ನು ಬೈಯುತ್ತಲೇ ಅರ್ಧ ಆಯುಷ್ಯ ಕಳೆದಿದ್ದ. ಹೀಗಿರುವಾಗ ಆಳಂದದ ಹಾಜಿಯೊಬ್ಬರು ಮುಂಬಯಿಯಿಂದ ಜೆದ್ದಾಕ್ಕೆ ವಿಮಾನ ಐದೇ ತಾಸು ಎಂದದ್ದೇ ತಡ, ಅವನಿಗೆ ಹುಚ್ಚು ಹಿಡಿಯಿತು. ಸಮುದ್ರ ದಾಟಿ ಎರಡು ಸಾವಿರ ಮೈಲಿಗೂ ಮೇಲೆ, ಐದು ತಾಸು! ಗಾದಿ ತುಂಬಿಸಿದವರಿಗೆಲ್ಲ ಅದೇ ಮಾತು: ತಾನು ಆಳಂದದ ಬಸ್ಸಿಗೆ ಕಾಯುವಷ್ಟರಲ್ಲಿ ವಿಮಾನದವರು ಜೆದ್ದಾದಲ್ಲಿ ಇಳಿದು ಮುಖ ತೊಳೆದಿರುತ್ತಾರೆ.

ಎಂಬತ್ತೊಂಬತ್ತರಲ್ಲಿ ಅವನಿಗೂ ಹೆಂಡತಿ ಪ್ಯಾರಿಬಿಗೂ ಹಜ್‌ನ ಪಾಳಿ ಬಂತು. ಬಂದದ್ದು ಹಡಗಿನ ಪಾಳಿ. ಎಂಟು ದಿನದ ದಾರಿ.

ಅವನು ಮೋರೆ ಕಿವಿಚಿದ. ಪ್ಯಾರಿಬಿ ಮಾತ್ರ ಅಂದೇ ಟ್ರಂಕು ಒರೆಸಿ ಬಿಸಿಲಿಗಿಟ್ಟಳು. ಲಗ್ನವಾದಾಗಿನಿಂದ ಅವನು ಊರೂರು, ಅವಳಿಗೆ ಒಲೆ ಮತ್ತು ಗಾದಿಯ ಹೊಲಿಗೆ. ಅವನು ಮನೆ ಮುಟ್ಟುವ ಹೊತ್ತಿಗೆ ಅವಳ ಕಣ್ಣು ಎಳೆಯುತ್ತಿದ್ದವು. ಉಂಡು ಮಲಗಿದರೆ ಮುಗಿಯಿತು.

“ಎಂಟು ದಿನ ಒಲಿ ಹಚ್ಚೂದಿಲ್ಲ, ಸೂಜಿ ಹಿಡಿಯೂದಿಲ್ಲ,” ಎಂದಳು. “ನಿಮ್ಮ ಬಾಜೂಕ ಕುಂತು ನೀರು ನೋಡ್ಕೋತ ಹೋಗ್ತೇನಿ. ನಿಮಗೂ ಇಳದು ಓಡಾಕ ಜಾಗಾ ಇರಂಗಿಲ್ಲ.”

“ಎಂಟು ದಿನ ಮಾತಾಡೂದು ಏನದ ಬೇ ನಮ್ಮದು?” ಅವನು ನಕ್ಕುಬಿಟ್ಟ. “ವಿಮಾನದ ಪಾಳಿ ಬರಲಿ. ಐದು ತಾಸಿನಾಗ ಮುಟ್ಟಿಸ್ತೇನಿ ನಿನಗ.”

ಅವಳು ಹಟ ಮಾಡಲಿಲ್ಲ. ಅವನು ಹಡಗಿನ ಪಾಳಿ ಬಿಟ್ಟುಕೊಟ್ಟ ದಿನ, ಟ್ರಂಕನ್ನು ಒಳಗೆ ತಂದು ಮತ್ತೆ ಗಾದಿ-ದಿಂಬಿನ ಹಳೆಯ ಗಲೀಫು ತುಂಬಿದಳು.

ವಿಮಾನದ ಪಾಳಿ ಮರುವರ್ಷ ಬರಲಿಲ್ಲ, ಅದರ ಮರುವರ್ಷವೂ ಬರಲಿಲ್ಲ. ಮುಂದಿನ ಚಳಿಗಾಲಕ್ಕೆ ಪ್ಯಾರಿಬಿಗೆ ಕೆಮ್ಮು ಹತ್ತಿತು. ಹತ್ತಿಯ ಧೂಳು ಎಂದರು. ಯುಗಾದಿ ಬರುವುದರೊಳಗೆ ಅವಳು ಹೋಗಿಬಿಟ್ಟಳು.

ಅವನ ಹೆಸರು ಬಂದದ್ದು ತೊಂಬತ್ತಾರರಲ್ಲಿ. ಅಷ್ಟೊತ್ತಿಗೆ ಹಜ್‌ನ ಹಡಗೇ ನಿಂತುಹೋಗಿತ್ತು. ಎಲ್ಲರಿಗೂ ವಿಮಾನವೇ.

ಪಕ್ಕದ ಸೀಟಿನಲ್ಲಿ ಜೇವರ್ಗಿಯ ಅರಿವೆ ವ್ಯಾಪಾರಿ. ಊರಲ್ಲಿ ಅಫಜಲಪುರಕ್ಕೆ ಹೋಗಿಬರುವಷ್ಟರಲ್ಲಿ ಇಲ್ಲಿ ಜೆದ್ದಾ ಬಂದಿರುತ್ತದೆ ಎಂದು ಆತ ಹಿಗ್ಗಿನಿಂದ ಹೇಳಿದ. ತನ್ನದೇ ಹಳೆಯ ಮಾತು ಕೇಳಿದಂತಾಗಿ ಗೌಸಮೊಹಿದ್ದೀನ ಕಿಟಕಿಯತ್ತ ತಿರುಗಿದ. ಕೆಳಗೆ ಬರೀ ನೀರು. ಅವಳು ನೋಡಬೇಕಿದ್ದ ನೀರು.

ಮಾತು ಏನಿದೆ ಅಂದಿದ್ದನಲ್ಲ, ಅದೇ ಈಗ ಒಂದೊಂದಾಗಿ ಎದ್ದು ಬಂತು. ಒಮ್ಮೆ ಅಫಜಲಪುರದ ಗೌರಾಬಾಯಿ ಗಾದಿಯ ಮೇಲೆ ಕೈಯಾಡಿಸಿ, ಇಷ್ಟು ಸಣ್ಣ ಹೊಲಿಗೆ ಯಾರದು ಎಂದು ಕೇಳಿದ್ದಳು. ಮನೆಗೆ ಬಂದು ಹೇಳಬೇಕು ಎಂದುಕೊಂಡವನು ಹೇಳಿರಲಿಲ್ಲ. ಈಗ ಹೇಳಿದ, ಮನಸ್ಸಿನಲ್ಲೇ. ಮಳೆಯಲ್ಲಿ ಹತ್ತಿಯೆಲ್ಲ ತೊಯ್ದಾಗ ಅವಳ ಮೇಲೆ ರೇಗಿದ್ದು ತಪ್ಪಾಗಿತ್ತು ಎಂದ. ಲಗ್ನದ ದಿನ ಅವಳು ನಕ್ಕದ್ದು ಯಾಕೆಂದು ಕೇಳಿದ. ಹಿರಿಮಗಳು ಹುಟ್ಟಿದ ಮಾತಿಗೆ ಬರುವಷ್ಟರಲ್ಲಿ ಕಿವಿ ಗುಂಯ್‌ಗುಟ್ಟಿ, ಎಲ್ಲರೂ ಬೆಲ್ಟು ಕಟ್ಟಿಕೊಳ್ಳತೊಡಗಿದರು.

“ಇಷ್ಟು ಲಗೂ ಬಂತೇನು?” ಎಂದ.

ವ್ಯಾಪಾರಿ ಅವನ ಬೆಲ್ಟು ಬಿಗಿದುಕೊಡುತ್ತ ನಕ್ಕ. “ನಾ ಹೇಳ್ಳಿಲ್ಲೇನ್ರಿ ಚಾಚಾ? ಐದೇ ತಾಸು.”